ರಿಂಗಿನಿಂದ ಇಳಿಯಲು ಯಾರ ಅಪ್ಪಣೆ ಬೇಕು?

ವೃತ್ತಿಪರ ಬಾಕ್ಸಿಂಗ್ ಪರವಾನಗಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಎಡಗಣ್ಣಿನ ಒಳಪದರ ಹರಿದು ಹದಿನಾಲ್ಕು ತಿಂಗಳಾಯಿತು. ಇನ್ನೊಂದು ಏಟು ಬಿದ್ದರೆ ಆ ಕಣ್ಣು ಉಳಿಯುವುದಿಲ್ಲ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಬರೆದುಕೊಟ್ಟಿದ್ದಾರೆ. ಆದರೂ ನಿಮ್ಮ ಪಟ್ಟಿಯಲ್ಲಿ ನಾನು ಇನ್ನೂ ಬಾಕ್ಸರ್. ನನ್ನ ಹೆಸರು ತೆಗೆಯಿರಿ ಎಂದು ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು. ಮುದ್ರೆ ಒತ್ತುವುದರಲ್ಲಿ ನಿಮ್ಮ ಕಚೇರಿಯ ಕೈಚಳಕವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಉತ್ತರ ಮಾತ್ರ ಬರಲಿಲ್ಲ. ಹಾಗಾಗಿ ಐದನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಈ ಕಸುಬಿನ ಗಂಧಗಾಳಿ ಇಲ್ಲದವರೂ ಇದನ್ನು ಓದುತ್ತಾರಾದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಹಿಂಡುವ ಕೆಲಸದಲ್ಲಿದ್ದೆ. ಹಿಂದಿನ ಓಣಿಯ ಹಳೇ ಗ್ಯಾರೇಜಿನಲ್ಲಿ ಒಬ್ಬರು ಬಾಕ್ಸಿಂಗ್ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಮೇಷ್ಟ್ರು. ಸೇರಿದ ಮೊದಲ ತಿಂಗಳು ನನ್ನಿಂದ ಒಂದು ಏಟೂ ಹೊಡೆಸಲಿಲ್ಲ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅದರ ಎರಡೂ ಬದಿಗೆ ಕಾಲಿಟ್ಟು ಹಿಂದೆ ಮುಂದೆ ಸರಿಯಲು ಹೇಳಿದರು.

"ಏನ್ ಮೇಷ್ಟ್ರೇ, ನಾನು ಡ್ಯಾನ್ಸ್ ಕಲಿಯೋಕೆ ಬಂದಿಲ್ಲ" ಅಂದೆ.

"ಹೊಡೆಯೋದು ಯಾರಿಗಾದ್ರೂ ಬರುತ್ತೆ ಕಣಮ್ಮ. ಮೊದಲು ತಪ್ಪಿಸ್ಕೊಳ್ಳೋದು ಕಲಿ" ಅಂದರು.

ಆಮೇಲೆ ಬೆರಳುಗಳ ಸಂದಿಯಲ್ಲಿ ಬಟ್ಟೆಪಟ್ಟಿ ಸುತ್ತುವುದು, ಗದ್ದ ಎದೆಗೆ ಇಳಿಸುವುದು, ಎಡಗೈ ನೇರ ಚಾಚಿ ಎದುರಾಳಿ ಎಷ್ಟು ದೂರ ಎಂದು ಅಳೆಯುವುದು. ವೃತ್ತಿಪರ ಪಂದ್ಯದಲ್ಲಿ ಹೊಸಬರಿಗೆ ನಾಲ್ಕು ಸುತ್ತು, ನುರಿತವರಿಗೆ ಹತ್ತು. ಹೆಂಗಸರಿಗೆ ಸುತ್ತಿಗೆ ಎರಡು ನಿಮಿಷ, ನಡುವೆ ಒಂದು ನಿಮಿಷ ವಿರಾಮ. ತಲೆಗೆ ಯಾವ ಕಾಪೂ ಇಲ್ಲ. ಸುತ್ತು ಗೆದ್ದವರಿಗೆ ಹತ್ತು ಅಂಕ, ಸೋತವರಿಗೆ ಸಾಮಾನ್ಯವಾಗಿ ಒಂಬತ್ತು. ಮೂಲೆಯಲ್ಲಿ ನಿಂತ ತರಬೇತುದಾರರಿಗೆ ಇನ್ನು ಸಾಕು ಅನ್ನಿಸಿದರೆ ಟವೆಲ್ ಎಸೆದು ಪಂದ್ಯ ಬಿಟ್ಟುಕೊಡಬಹುದು. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟವಿರುವುದು ಕಾಗದದಲ್ಲಿ. ರಿಂಗಿಗೆ ಹತ್ತಲು ನಿಮ್ಮ ಪರವಾನಗಿ ಬೇಕು, ಪಂದ್ಯ ಸಿಗಲು ಆಯೋಜಕರ ಜೊತೆ ಒಪ್ಪಂದ ಬೇಕು. ನಾನು ಮೂರು ವರ್ಷಕ್ಕೆ ಸಹಿ ಹಾಕಿದೆ. ಕರೆದ ಪಂದ್ಯಕ್ಕೆ ಇಳಿಯದಿದ್ದರೆ ದಂಡ ಕಟ್ಟಬೇಕು, ಗಾಯವಾಗಿ ಕೂತ ದಿನಗಳು ಆ ಮೂರು ವರ್ಷಕ್ಕೆ ಸೇರುವುದಿಲ್ಲ ಎಂಬ ಸಾಲು ಏಳನೇ ಪುಟದಲ್ಲಿತ್ತು. ಓದದೆ ಸಹಿ ಹಾಕಿದೆ ಎಂದು ಸುಳ್ಳು ಹೇಳಲಾರೆ, ಓದಿದ್ದೆ. ಆ ವಯಸ್ಸಿಗೆ ಗಾಯ ಎಂದರೆ ಹುಬ್ಬು ಸೀಳುವುದು, ವಾರದಲ್ಲಿ ಮಾಯುವುದು ಅಷ್ಟೇ ಅಂದುಕೊಂಡಿದ್ದೆ.

ಹನ್ನೊಂದನೇ ಪಂದ್ಯದ ಐದನೇ ಸುತ್ತಿನಲ್ಲಿ ಎಡಗಣ್ಣಿನ ಮುಂದೆ ಕಪ್ಪು ಪರದೆ ಇಳಿಯಿತು. ವಿರಾಮದಲ್ಲಿ ಮೇಷ್ಟ್ರು ಬಲಗಣ್ಣು ಮುಚ್ಚಿಸಿ, "ಎಷ್ಟು ಬೆರಳು?" ಎಂದರು. ಏನೂ ಕಾಣದಿದ್ದರೂ ಊಹಿಸಿ "ಎರಡು" ಅಂದೆ. ಸರಿಯಾಗಿಬಿಟ್ಟಿತು. ಆ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಪಂದ್ಯ ಗೆದ್ದೆ, ಮರುದಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದೆ.

ಚೇತರಿಸಿಕೊಂಡು ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಆಚೆಗಿದ್ದ ಗುಮಾಸ್ತರು ಬಹಳ ಮರ್ಯಾದೆಯಿಂದಲೇ ಮಾತಾಡಿದರು.

"ನಿವೃತ್ತಿ ಬೇಕಂದ್ರೆ ನೀವು ಅನರ್ಹರು ಅಂತ ಮಂಡಳಿ ಡಾಕ್ಟರು ಬರೀಬೇಕು ಮೇಡಂ."

"ಸರಿ, ಅವರನ್ನ ಎಲ್ಲಿ ನೋಡ್ಲಿ?"

"ನೀವಾಗಿ ಹೋಗಿ ನೋಡೋ ಹಾಗಿಲ್ಲ. ನಿಮ್ಮ ಆಯೋಜಕರು ಕೇಳ್ಕೋಬೇಕು."

ಆಯೋಜಕರ ಬಳಿ ಹೋದೆ. ಕುರ್ಚಿ ಕೊಟ್ಟರು, ಟೀ ತರಿಸಿದರು. "ಏನಮ್ಮಾ ಅವಸರ? ಆರಾಮಾಗಿ ವಿಶ್ರಾಂತಿ ತಗೋ. ಒಪ್ಪಂದ ಎಲ್ಲೂ ಓಡಿ ಹೋಗಲ್ಲ" ಅಂದರು. ನೂರಕ್ಕೆ ನೂರು ನಿಜ. ನಾನು ಕೂತಷ್ಟೂ ಒಪ್ಪಂದ ಬೆಳೆಯುತ್ತದೆ. ಕಾದಾಡಿದರೆ ಒಪ್ಪಂದ ಮುಗಿಯುತ್ತದೆ, ಅದರ ಜೊತೆಗೆ ಕಣ್ಣೂ. ಅಧ್ಯಕ್ಷರೇ, ಇದಕ್ಕೆ ಮೂರನೇ ದಾರಿ ನಿಮಗೆ ಗೊತ್ತಿದ್ದರೆ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೀರಿ?

ಇದು ನನ್ನೊಬ್ಬಳ ಗೋಳಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದ ಮೇಲೆ ಗ್ಯಾರೇಜಿನಲ್ಲಿ ಕಲಿಸುತ್ತಿರುವವಳು ನಾನು. ಆದರೆ ಬಾಕ್ಸರುಗಳ ಪಟ್ಟಿಯಲ್ಲಿರುವವರು ಬೇರೆಯವರ ಮೂಲೆಯಲ್ಲಿ ನಿಲ್ಲಬಾರದೆಂಬ ನಿಯಮ ನಿಮ್ಮದು. ಹೋಟೆಲಿನಲ್ಲಿ ಕೋಣೆ ಶುಚಿ ಮಾಡುವ ಹೆಣ್ಣುಮಗಳೊಬ್ಬಳು ಮೊದಲು ಮೇಷ್ಟ್ರ ಬಳಿ, ಆಮೇಲೆ ನನ್ನ ಬಳಿ, ಒಟ್ಟು ಎರಡು ವರ್ಷ ಕಲಿತಳು. ಅದೇ ಆಯೋಜಕರ ಬಳಿ ಸಹಿ ಹಾಕಿ ಕಳೆದ ತಿಂಗಳು ಮೊದಲ ಪಂದ್ಯಕ್ಕೆ ಇಳಿದಳು. ಅವಳ ಮೂಲೆಯಲ್ಲಿ ಆಯೋಜಕರು ಕಳಿಸಿದ, ಅವತ್ತು ಬೆಳಿಗ್ಗೆಯಷ್ಟೇ ಅವಳ ಮುಖ ಕಂಡಿದ್ದ ಒಬ್ಬ ಮನುಷ್ಯ. ನಾನು ಪ್ರೇಕ್ಷಕರ ನಡುವೆ.

ಮೂರನೇ ಸುತ್ತಿಗೆ ಅವಳ ಕೈಗಳು ಸೊಂಟಕ್ಕಿಳಿದಿದ್ದವು. ಬಿದ್ದಿದ್ದರೆ ರೆಫರಿ ಹತ್ತು ಎಣಿಸಿ ಪಂದ್ಯ ಮುಗಿಸುತ್ತಿದ್ದರು. ಅವಳು ಬೀಳಲಿಲ್ಲ, ಅದೇ ಅವಳ ದುರದೃಷ್ಟ. "ನಿಲ್ಸಿ! ಅವಳಿಗೆ ಏಟು ಕಾಣಿಸ್ತಿಲ್ಲ!" ಎಂದು ಕೂಗಿದೆ. ಆ ಮನುಷ್ಯ ತಿರುಗಿಯೂ ನೋಡಲಿಲ್ಲ. ನಾನು ತಡೆಗಂಬಿ ಹಾರಿ, ಅವನ ಹೆಗಲ ಮೇಲಿದ್ದ ಟವೆಲ್ ಕಿತ್ತುಕೊಂಡು ರಿಂಗಿನೊಳಗೆ ಎಸೆದೆ. ರೆಫರಿ ಪಂದ್ಯ ನಿಲ್ಲಿಸಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ವಾಂತಿ ಮಾಡಿಕೊಂಡು ನನ್ನ ತೊಡೆಯ ಮೇಲೆ ಒರಗಿದಳು. "ಅಕ್ಕಾ, ಎಷ್ಟನೇ ಸುತ್ತು ಈಗ?" ಎಂದು ಕೇಳಿದಳು. ಮೆದುಳು ಅಲುಗಿದೆ ಎಂದು ವೈದ್ಯರು ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಉಳಿದಳು.

ನಾನು ಟವೆಲ್ ಎಸೆದದ್ದಕ್ಕೆ ನಿಮ್ಮ ಮಂಡಳಿ ಎಂದೂ ಇಲ್ಲದ ಚುರುಕು ತೋರಿಸಿತು. ನಾಲ್ಕು ಅರ್ಜಿಗೂ ಬಾರದ ಉತ್ತರ ಒಂಬತ್ತೇ ದಿನಕ್ಕೆ ನೋಟಿಸಾಗಿ ಬಂತು: ಅನಧಿಕೃತ ಹಸ್ತಕ್ಷೇಪ, ಬಾಕ್ಸರ್ ಪರವಾನಗಿ ಒಂದು ವರ್ಷ ಅಮಾನತು. ಯಾವುದನ್ನು ಕಿತ್ತುಕೊಳ್ಳಿ ಎಂದು ಕೈಮುಗಿದೆನೋ ಅದನ್ನು ಶಿಕ್ಷೆಯೆಂದು ಅಮಾನತಿನಲ್ಲಿಟ್ಟಿದ್ದೀರಿ. ರದ್ದು ಮಾಡಿದ್ದರೆ ನಿಮಗೆ ಹಾರ ಹಾಕುತ್ತಿದ್ದೆ. ಅಮಾನತಿನ ದಿನಗಳೂ ಒಪ್ಪಂದದ ಲೆಕ್ಕಕ್ಕಿಲ್ಲವಂತೆ. ಆಯೋಜಕರು ಫೋನ್ ಮಾಡಿ ನಗುನಗುತ್ತಾ ತಿಳಿಸಿದರು.

ಮೊನ್ನೆ ಅವಳು ಗ್ಯಾರೇಜಿಗೆ ಬಂದು ಬಾಗಿಲಲ್ಲೇ ನಿಂತಳು. ಕೈಚೀಲದಲ್ಲಿ ಗ್ಲೌಸ್ ಇರಲಿಲ್ಲ.

"ಅಕ್ಕಾ, ನನಗೆ ಇದು ಬೇಡ. ಬಿಡ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು?"

ನಿಮ್ಮ ಕಿಟಕಿ ತೋರಿಸಲೇ, ಆಯೋಜಕರ ಕುರ್ಚಿ ತೋರಿಸಲೇ? "ಒಳಗೆ ಬಾ, ಕೂತ್ಕೋ" ಅಂದೆ. ಇಬ್ಬರೂ ಕೂತು ಅವಳ ಅರ್ಜಿ ಬರೆದೆವು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತನಗೆ ಸಾಕು ಎಂದು ಬಾಕ್ಸರ್ ಸ್ವತಃ ಬರೆದುಕೊಟ್ಟ ದಿನವೇ ಅವಳ ಹೆಸರು ಪಟ್ಟಿಯಿಂದ ಹೋಗಲಿ, ಆ ದಿನವೇ ಒಪ್ಪಂದವೂ ಮುಗಿಯಲಿ. ಯಾವ ಆಯೋಜಕರೂ ಅದಕ್ಕೆ ಒಪ್ಪಿಗೆ ಕೊಡಬೇಕಾಗಿಲ್ಲ. ಈ ಪತ್ರದ ಜೊತೆ ಎರಡು ಅರ್ಜಿಗಳಿವೆ, ಒಂದು ನನ್ನದು, ಒಂದು ಅವಳದು. ನನ್ನದನ್ನು ಇನ್ನೂ ಸ್ವಲ್ಪ ದಿನ ಕಾಯಿಸಲೇಬೇಕಿದ್ದರೆ ಕಾಯಿಸಿ. ಅವಳದಕ್ಕೆ ಇವತ್ತೇ ಸಹಿ ಹಾಕಿ. ಅವಳಿಗೆ ಮುಂದಿನ ಪಂದ್ಯದ ದಿನಾಂಕ ಬಂದಿದೆ.

ಇಂತಿ,
ಉಳಿದ ಒಂದೂವರೆ ಕಣ್ಣಿನಲ್ಲಿ ನಿಮ್ಮ ಉತ್ತರದ ದಾರಿ ಕಾಯುತ್ತಿರುವ,
ನಿಮ್ಮ ಪಟ್ಟಿಯ ಪ್ರಕಾರ ಇನ್ನೂ ಬಾಕ್ಸರ್ ಆಗಿರುವವಳು