ಲಿಫ್ಟ್‌ನವನ ಅಂಕಣ

ನವೆಂಬರ್ 4, ಮಂಗಳವಾರ
ಮೂರನೇ ಪುಟದ ಕರಡು ತಿದ್ದುತ್ತಿದ್ದೆ. ನಮ್ಮ ಪತ್ರಿಕೆಯ ಅಂಕಣಕಾರರು ತೀರಿಕೊಂಡರೆಂದು ಫೋನ್ ಬಂತು. ಮೂವತ್ತೆಂಟು ವರ್ಷ ಅವರು ಬರೆದದ್ದಷ್ಟೇ ಈ ನಗರದಲ್ಲಿ ನಡೆದದ್ದು. ಬರೆಯದ್ದು ನಡೆದೇ ಇಲ್ಲ. ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತರು. ನಾನೂ ನಿಂತೆ. ಎರಡು ನಿಮಿಷ. ಆಮೇಲೆ ಕೂತು ಉಳಿದ ಕಾಲಂ ಮುಗಿಸಿದೆ. ನಾಲ್ಕು ತಪ್ಪು ಸಿಕ್ಕವು.

ಸಂಜೆ ಅಪ್ಪನಿಗೆ ಹೇಳಿದೆ. ಟಿವಿ ಆರಿಸಿದ. ಊಟ ಬೇಡವೆಂದ.

ನವೆಂಬರ್ 5, ಬುಧವಾರ
ಭಾನುವಾರ ನೆನಪಿನ ಪುರವಣಿ. ಯಾವ ಅಂಕಣ ಹಾಕುವುದೆಂದು ಚರ್ಚೆಯೇ ಆಗಲಿಲ್ಲ. ‘ಲಿಫ್ಟ್‌ನವನು’. ಇಪ್ಪತ್ತಾರು ವರ್ಷ ಹಳೆಯದು. ವಿಮಾ ಕಂಪನಿಯ ಎಂಟು ಮಹಡಿ ಕಟ್ಟಡ. ಆಸ್ಪತ್ರೆಯಲ್ಲಿ ಹೆಂಡತಿ ಸಾಯುತ್ತಿದ್ದಾಳೆ, ಲಿಫ್ಟ್ ನಡೆಸುವವನು ಸಂಜೆಯವರೆಗೂ ಜಾಗ ಬಿಡುವುದಿಲ್ಲ. ‘ಜನ ಮೇಲೆ ಹೋಗಬೇಕಲ್ಲ ಸಾರ್’ ಎನ್ನುತ್ತಾನೆ. ನಗರವೇ ಅತ್ತಿತ್ತು. ಶಾಲೆಯಲ್ಲಿ ಪಾಠವೂ ಆಯಿತು.

ಆ ಲಿಫ್ಟ್‌ನವನು ಅಪ್ಪ. ಇಲ್ಲಿ ಯಾರಿಗೂ ಹೇಳಿಲ್ಲ. ಅಮ್ಮನ ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ, ಹದಿನಾಲ್ಕು ವರ್ಷದವಳು. ‘ರಜೆ ಕೇಳಿದೆ, ಮ್ಯಾನೇಜರ್ ಕೊಡಲಿಲ್ಲ’ ಎಂದು ಅಪ್ಪ ಅವತ್ತೇ ಹೇಳಿದ್ದ. ಅಂಕಣಕಾರರು ದಿನವಿಡೀ ಆ ಲಿಫ್ಟ್‌ನಲ್ಲಿದ್ದರು. ಎಲ್ಲ ಗೊತ್ತಿತ್ತು. ಆ ಒಂದು ಸಾಲು ಬಿಟ್ಟರು. ಮ್ಯಾನೇಜರನ ಕ್ರೌರ್ಯ ಅಪ್ಪನ ನಿಷ್ಠೆಯಾಯಿತು.

ನಾನು ಅನುವಾದದ ಕಾದಂಬರಿಗಳನ್ನಷ್ಟೇ ಓದುವುದು ಅದಕ್ಕೇ. ಯಾರ ಊರಿನದೋ ದುಃಖ. ನಮ್ಮ ಮನೆಯವರು ಅದರೊಳಗೆ ಸಿಗುವುದಿಲ್ಲ.

ನವೆಂಬರ್ 6, ಗುರುವಾರ
ಹಳೆಯ ಬರಹ ಮತ್ತೆ ಹಾಕಿದರೆ ಅಡಿಯಲ್ಲಿ ತಿದ್ದುಪಡಿಯ ಸಾಲು ಕೊಡುವುದು ನಮ್ಮಲ್ಲಿ ರೂಢಿ. ಪುರವಣಿ ಸಂಪಾದಕನಿಗೆ ಹೇಳಿದೆ, ಇದರಲ್ಲೊಂದು ತಪ್ಪಿದೆ ಅಂತ. ಏನೆಂದೂ ಕೇಳಲಿಲ್ಲ.

“ಅವರು ತಪ್ಪು ಬರೆದಿದ್ರೆ ನಗರಾನೇ ತಿದ್ಕೋಬೇಕು, ಮೇಡಂ.”

ಎಲ್ಲರೂ ನಕ್ಕರು.

ನವೆಂಬರ್ 7, ಶುಕ್ರವಾರ, ಬೆಳಿಗ್ಗೆ 11.40
ತಿದ್ದುಪಡಿ ಹಾಕಿದೆ. ಪುರವಣಿಯ ಕೊನೆಯ ಕರಡು ಬರುವುದು ನನ್ನ ಮೇಜಿಗೆ. ನನ್ನ ಸಹಿಯಾದ ಮೇಲೆ ಯಾರೂ ನೋಡುವುದಿಲ್ಲ. ಸಣ್ಣಕ್ಷರದಲ್ಲಿ — ‘ಲಿಫ್ಟ್ ನಡೆಸುತ್ತಿದ್ದವರು ಅಂದು ರಜೆ ಕೇಳಿದ್ದರು. ಮ್ಯಾನೇಜರ್ ಕೊಡಲಿಲ್ಲ. ಅಂಕಣಕಾರರಿಗೆ ಇದು ಗೊತ್ತಿತ್ತು.’ ಮಧ್ಯಾಹ್ನವೇ ಅಚ್ಚಿಗೆ. ಕೆಲಸ ಹೋಗಬಹುದು. ಹೋಗಲಿ.

ನವೆಂಬರ್ 8, ಶನಿವಾರ, ಸಂಜೆ
ಅಪ್ಪನಿಗೆ ಹೇಳಿದೆ. ಹಗುರಾಗುತ್ತಾನೆ ಅಂದುಕೊಂಡಿದ್ದೆ. ಬಹಳ ಹೊತ್ತು ಅಂಗಿಯ ಗುಂಡಿ ಹಾಕುತ್ತಾ ತೆಗೆಯುತ್ತಾ ಕೂತ.

“ಆ ಮ್ಯಾನೇಜರ್ ಒಳ್ಳೇವ್ನು. ನಾನು ರಜೆ ಕೇಳ್ಲೇ ಇಲ್ಲ.”

ಆಸ್ಪತ್ರೆಯಿಂದ ಹನ್ನೊಂದಕ್ಕೆ ಫೋನ್ ಬಂದಿತ್ತಂತೆ. ಮ್ಯಾನೇಜರ್ ತಾನೇ ಬಂದು ಹೋಗು ಎಂದನಂತೆ. ಆಗ ಲಿಫ್ಟ್‌ನಲ್ಲಿದ್ದ ಅಂಕಣಕಾರರು ತಮ್ಮ ಕಾರಿದೆ, ಬಿಡುತ್ತೇನೆ ಎಂದರಂತೆ. ಅಪ್ಪ ಬಾಗಿಲು ಎಳೆದು ಮೇಲೆ ಹೋದ. ಕೆಳಗೆ ಬಂದ. ಮತ್ತೆ ಮೇಲೆ. ಅಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ. ಅದಕ್ಕೇ ಅಂಕಣಕಾರರು ಸಂಜೆಯವರೆಗೂ ಅವನ ಪಕ್ಕ ನಿಂತಿದ್ದು.

“ಹೆದರ್ಕೊಂಡೆ ಅಂತ ಬರೀಬೇಡಿ ಅಂತ ಕೈ ಹಿಡ್ಕೊಂಡೆ. ಬರೀಲಿಲ್ಲ ಅವರು.”

ನನಗೇಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

“ನೀನೊಬ್ಳೇ ಇದ್ದೆಯಲ್ಲ ಅಲ್ಲಿ.”

ಪ್ರೆಸ್‌ಗೆ ಫೋನ್ ಮಾಡಿದೆ. ಪುರವಣಿಯ ಕಟ್ಟುಗಳು ಲಾರಿ ಹತ್ತಿಯಾಗಿದೆ.

ಇಪ್ಪತ್ತಾರು ವರ್ಷ ತಪ್ಪು ಮನುಷ್ಯನನ್ನು ದ್ವೇಷಿಸಿದೆ. ಸರಿಯಾದ ಮನುಷ್ಯನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟೆ.

ನವೆಂಬರ್ 9, ಭಾನುವಾರ, 6.50
ನಾನು ಏಳುವಷ್ಟರಲ್ಲಿ ಅಪ್ಪ ಪೇಪರ್ ಬಿಡಿಸಿ ಕೂತಿದ್ದ. ಸಂಪಾದಕರ ಫೋನ್ ಎರಡು ಸಲ ಹೊಡೆದುಕೊಂಡು ನಿಂತಿತು. ಅಪ್ಪ ಸಣ್ಣಕ್ಷರದ ಕೆಳಗೆ ಬೆರಳಿಟ್ಟು ಓದಿದ. ಇನ್ನೊಮ್ಮೆ ಓದಿದ. ಮುಖ ಅರಳಿತು.

“ಚೆನ್ನಾಗಿದೆ. ಹೀಗೇ ಇರ್ಲಿ. ಯಾರು ಕೇಳಿದ್ರೂ ಹೌದು ಅಂತೀನಿ.”

ಮೂರನೇ ಸಲ ಫೋನ್. ಅಪ್ಪ ನನ್ನನ್ನೇ ನೋಡುತ್ತಿದ್ದಾನೆ. ಎತ್ತಿ ಹೇಳಬೇಕಾದದ್ದು ಇಷ್ಟೇ — ತಪ್ಪು ನನ್ನದು, ಅಂಕಣಕಾರರದಲ್ಲ, ಅಪ್ಪ ಅವತ್ತು...