ಹಿಂಡದ ಬಟ್ಟೆಯ ನೀರು

ಕ್ರಿ.ಶ. ೨೧೭೧, ಹದಿಮೂರನೆಯ ತಿಂಗಳು, ಒಂಬತ್ತನೇ ದಿನ

ನನ್ನ ಮುತ್ತಜ್ಜಿಯ ಅಜ್ಜನವರಾದ ಡಾ. ಶಶಿಧರ ಕುಂಟೋಜಿ ಅವರಿಗೆ ಮೇದಿನಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಜ್ವರ ಬಿಟ್ಟವರು ಮಲಗಿ ಸುಧಾರಿಸಿಕೊಳ್ಳಲೆಂದು ಉಳಿದ ತಿಂಗಳುಗಳಿಂದ ದಿನ ಕಿತ್ತು ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದರ ಹೆಸರೇ ಸುಧಾರಿಕೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮದೇ ಟ್ರಂಕಿನ ಕಾಗದಗಳಿಂದ ಕಲಿತೆ. ಸಿಟ್ಟು ಮಾತ್ರ ನನ್ನದು.

ಬೂದುಜ್ವರವೆಂಬ ವೈರಾಣು ಕಾಯಿಲೆ ಪ್ರತಿವರ್ಷ ಊರಿಗೆ ಬರುತ್ತದೆ. ಒಮ್ಮೆ ತಾಗಿದರೆ ಸಾಕು, ಹತ್ತು ದಿನದಲ್ಲಿ ಬಿಟ್ಟುಹೋಗುವಾಗ ತೋಳು ತೊಡೆಗಳ ಮಾಂಸವನ್ನು ಕರಗಿಸಿಕೊಂಡೇ ಹೋಗುತ್ತದೆ. ನಮ್ಮ ಬಾಗಿಲುಗಳಿಗೆ ಚಿಲಕವಿಲ್ಲ, ಪರದೆಯಷ್ಟೇ. ರೊಟ್ಟಿ ತಟ್ಟುವವರಿಲ್ಲ, ಜೋಳದ ಗಂಜಿ ಕುಡಿಯುತ್ತೇವೆ. ಬೀದಿಗೊಬ್ಬ ಎತ್ತುಗಾರನಿರುತ್ತಾನೆ, ಜ್ವರ ತಾಗದೆ ಉಳಿದವನು; ಕೊಡ ಎತ್ತಲು, ಬಿದ್ದವರನ್ನು ಎಬ್ಬಿಸಲು, ಹೆಣ ಹೊರಲು ಅವನೇ ಬರಬೇಕು. ಮೊನ್ನೆ ನನ್ನ ಮಗಳು ತೆನೆ, ಏಳು ವರ್ಷದವಳು, ನಿಮ್ಮ ಫೋಟೋ ನೋಡುತ್ತಿದ್ದಳು. ಅದರಲ್ಲಿ ನೀವು ನಿಮ್ಮ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದೀರಿ. "ಅವ್ವಾ, ಈ ಮಾಮಾ ಕೂಸನ್ನ ಯಾಕ ಮೈಗೆ ಕಟ್ಕೊಂಡಾನ?" ಎಂದು ಕೇಳಿದಳು. ಕಟ್ಟಿಕೊಂಡಿಲ್ಲ, ಎತ್ತಿಕೊಂಡಿದ್ದಾರೆ ಎಂದೆ. ಅವಳು ನಂಬಲಿಲ್ಲ.

ಟ್ರಂಕಿನಲ್ಲಿ ನಿಮ್ಮ ಪ್ರಬಂಧ ಸಿಕ್ಕಿತು. ವೈರಾಣು ಜ್ವರ ಮತ್ತು ಸ್ನಾಯುನಷ್ಟದ ಕುರಿತು ಇಪ್ಪತ್ತು ವರ್ಷಗಳಲ್ಲಿ ಪ್ರಕಟವಾದ ಮೂರು ಸಾವಿರದ ನಾನೂರು ಲೇಖನಗಳ ಲೆಕ್ಕ. ಯಾವ ದೇಶದವು ಎಷ್ಟು, ಯಾವ ಪದ ಎಷ್ಟು ಸಲ ಬಂದಿದೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ. ವಿಷಯಕ್ಕೊಂದು ಬಣ್ಣದ ವೃತ್ತ, ಲೇಖನ ಹೆಚ್ಚಿದ್ದಷ್ಟೂ ದೊಡ್ಡದು; ವರ್ಷವರ್ಷಕ್ಕೂ ಲೇಖನಗಳ ಸಂಖ್ಯೆ ತೋರಿಸುತ್ತ ಮೇಲಕ್ಕೇರುವ ಗೆರೆ. ಭಪ್ಪರೆ! ಗೆರೆ ಏರಿದ್ದಕ್ಕೆ ನಿಮಗೆ ಬಹುಮಾನವೂ ಬಂತು. ದೊಡ್ಡ ವೃತ್ತ ಎಲ್ಲಿತ್ತೋ ಮುಂದಿನವರೆಲ್ಲ ಅಲ್ಲಿಗೇ ನುಗ್ಗಿದರು. ಖಾಲಿ ಜಾಗದ ಕಡೆ ಯಾರೂ ತಲೆ ಹಾಕಲಿಲ್ಲ.

ಅದರ ಕೆಳಗೇ ಒಂದು ತೆಳ್ಳನೆಯ ಕನ್ನಡ ಪುಸ್ತಿಕೆಯಿತ್ತು. ಬರೆದವರು ಒಂದು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ನೀಲಗಂಗಾ ಹಾದಿಮನಿ. ಅಂಥದೇ ವೈರಾಣು ಜ್ವರದಿಂದ ಎದ್ದ ಹೆಂಗಸೊಬ್ಬಳು "ಅಕ್ಕಾರ, ಸೀರಿ ಹಿಂಡಾಕ ಆಗವಲ್ದ್ರೀ, ಕೈಯಾಗ ಕಸುವ ಇಲ್ಲ" ಎಂದಿದ್ದಳಂತೆ. ನೀಲಗಂಗಾ ಅಂದಿನಿಂದ ಜ್ವರದವರಿಗೆಲ್ಲ ಒದ್ದೆ ಟವೆಲ್ ಕೊಟ್ಟು ಹಿಂಡಿಸಿ, ಹಿಂಡಿದ್ದನ್ನು ತಕ್ಕಡಿಯಲ್ಲಿ ತೂಗಿದರು. ನೀರು ಹೆಚ್ಚು ಉಳಿದಷ್ಟೂ ಕಸುವು ಕಡಿಮೆ. ಇನ್ನೂರ ಹನ್ನೆರಡು ಜನರನ್ನು ಹೀಗೆ ತೂಗಿ ಅವರು ಕಂಡುಕೊಂಡದ್ದು ಇಷ್ಟು: ಶಕ್ತಿ ಸೋರುವುದು ಜ್ವರದ ಎರಡನೆಯ ದಿನದಿಂದಲೇ. ಅಂದಿನಿಂದಲೇ ಹಾಸಿಗೆಯಲ್ಲೇ ದಿನಕ್ಕೆ ಮೂರು ಸಲ ಬಟ್ಟೆ ಹಿಂಡಿ, ಕಾಲು ಮಡಚಿ ಚಾಚಿದವರು ಸುಧಾರಿಸಿದರು. ಸುಮ್ಮನೆ ಮಲಗಿದವರು ಸುಧಾರಿಸಲಿಲ್ಲ.

ಪುಸ್ತಿಕೆಯ ಮೇಲೆ ನಿಮ್ಮದೇ ಅಕ್ಷರ, ಅಚ್ಚ ಕನ್ನಡದಲ್ಲಿ: "ಕೆಲಸ ಬಹಳ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಇಲ್ಲ. ಕೈಬಿಟ್ಟಿದೆ."

ಓದಿದಿರಿ, ಅರ್ಥವೂ ಆಯಿತು, ಮೆಚ್ಚಿಯೂ ಮೆಚ್ಚಿದಿರಿ! ಇಂಗ್ಲಿಷಿನಲ್ಲಿರುವುದನ್ನಷ್ಟೇ ಎಣಿಸಬೇಕೆಂಬ ನಿಯಮದ ಹೆಸರು ಹೇಳಿ ಕೈ ತೊಳೆದುಕೊಂಡಿರಿ. ಏನೂ ಓದದವರ ಮೇಲೆ ನನಗೆ ಇಷ್ಟು ಹೊಟ್ಟೆ ಉರಿಯುವುದಿಲ್ಲ.

ಈ ವರ್ಷ ತೆನೆಗೆ ಜ್ವರ ಬಂತು. ಎಲ್ಲರೂ ಹೇಳುವಂತೆ ನಾನೇ ಅವಳನ್ನು ನಲವತ್ತು ದಿನ ಅಲುಗಾಡದಂತೆ ಮಲಗಿಸಿದೆ. ಎದ್ದು ಕೂರುತ್ತೇನೆಂದು ಅತ್ತಾಗ ಗದರಿಸಿದ್ದೂ ನಾನೇ. ಟ್ರಂಕು ತೆರೆದದ್ದು ಅದಾದ ಮೂರು ವಾರಕ್ಕೆ. ಈಗ ದಿನವೂ ಅವಳ ಕೈಗೆ ಒದ್ದೆ ಕರವಸ್ತ್ರ ಕೊಡುತ್ತೇನೆ. ಅವಳು ಹಲ್ಲು ಕಚ್ಚಿ ಹಿಂಡುತ್ತಾಳೆ. ಒಂದು ಹನಿಯೂ ಬೀಳುವುದಿಲ್ಲ.

ಟ್ರಂಕಿನಲ್ಲಿದ್ದ ನಿಮ್ಮ ಡೈರಿ ನೋಡಿ, ನೀವು ಪ್ರಬಂಧ ಕಳಿಸಿದ ಹಿಂದಿನ ದಿನಕ್ಕೆಂದೇ ಈ ಕಾಗದ ಬರೆಯುತ್ತಿದ್ದೇನೆ; ನಿಮಗೆ ಕಳಿಸುವುದು ನಾಳೆ. ಈ ಕಾಗದ ಇವತ್ತೇ ಕೈಸೇರಿದರೆ ಆ ಪುಸ್ತಿಕೆಯನ್ನು ವಾಪಸ್ ಸೇರಿಸಿ. ಬಹುಮಾನ ಹೋದರೆ ಹೋಗಲಿ. ತೆನೆಗೆ ಅದು ದಕ್ಕುತ್ತದೋ ಇಲ್ಲವೋ ನನಗೆ ತಿಳಿಯದು.

ಸೇರಿಸದಿದ್ದರೆ ಒಂದೇ ಬೇಡಿಕೆ. ನಿಮ್ಮ ಮಗಳನ್ನು ಇವತ್ತು ಸ್ವಲ್ಪ ಹೆಚ್ಚು ಹೊತ್ತು ಎತ್ತಿಕೊಂಡಿರಿ. ನಮ್ಮ ಮನೆತನದಲ್ಲಿ ಅವಳನ್ನು ಎತ್ತಿದರು, ಅವಳ ಮಗಳನ್ನು ಎತ್ತಿದರು. ಆಮೇಲೆ ಯಾವ ಮಗುವನ್ನೂ ಯಾರೂ ಎತ್ತಿಕೊಂಡಿಲ್ಲ.

ಮೇದಿನಿ