ಚಾದರ ಮಡಚುವವರ ಮೌನಕ್ಕೆ ನನ್ನ ಹೆಸರು

ಮಾನ್ಯ ಹಕ್ಕುಸ್ವಾಮ್ಯ ನೋಂದಣಿ ಅಧಿಕಾರಿಗಳೇ,

ನಾನು ಸುಳ್ಳು ಹೇಳಿದಾಗ ಕಣ್ಣುಮುಚ್ಚಿ ಮುದ್ರೆ ಒತ್ತಿದಿರಿ. ಈಗ ನಿಜ ಹೇಳಲು ಬಂದರೆ ಸಾಕ್ಷಿ ಕೇಳುತ್ತೀರಿ. ಇದು ಯಾವ ಸೀಮೆಯ ನ್ಯಾಯ?

ನಮ್ಮ ರಾಕ್ ಬ್ಯಾಂಡ್ ಹಾಡಿದ ಜನಪದ ಗೀತೆ ತಮಗೆ ಗೊತ್ತೇ ಇದೆ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಕಾಯುವಷ್ಟು ಹೊತ್ತೂ ಅದೇ ಕೇಳಿಸುತ್ತದೆ. ಮೂರನೆಯ ಸಾಲಿನ ನಂತರ ಗಿಟಾರು, ಡ್ರಮ್ಸು ಎಲ್ಲ ಗಪ್‌ಚಿಪ್. ಆ ಮೌನಕ್ಕೇ ಜನ ಹುಚ್ಚೆದ್ದು ಕೂಗುತ್ತಾರೆ. ಅರ್ಜಿಯಲ್ಲಿ ‘ಮೂಲ ಗಾಯಕರು’ ಎಂಬಲ್ಲಿ ‘ಅಜ್ಞಾತ’ ಎಂದೂ, ‘ಸ್ವಂತ ಕೊಡುಗೆ’ ಎಂಬಲ್ಲಿ ಆ ಮೌನವನ್ನೂ ಬರೆದವನು ನಾನೇ.

ಆ ಅಜ್ಞಾತರು ನನ್ನ ಸೋದರತ್ತೆ. ಮೂವತ್ತು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುತ್ತಾಳೆ. ಅಲ್ಲಿ ಇಬ್ಬಿಬ್ಬರು ಹೆಂಗಸರು ಚಾದರದ ಎರಡು ತುದಿ ಹಿಡಿದು ದೂರ ನಿಂತು ಹಾಡುತ್ತಾರೆ. ಮೂರು ಸಾಲು ಮುಗಿದೊಡನೆ ಬಾಯಿ ಮುಚ್ಚಿ, ಎದುರುಬದುರು ನಡೆದು ಅಂಚಿಗೆ ಅಂಚು ಕೂಡಿಸುತ್ತಾರೆ. ಮೌನ ಹುಟ್ಟಿದ್ದು ಅಲ್ಲಿ. ಹಾಡನ್ನು ಮುದ್ರಿಸಿಕೊಳ್ಳಲು ನಾನು ಮೊಬೈಲು ಹಿಡಿದು ನಿಂತಾಗ ಅತ್ತೆ, “ಚೆನ್ನಾಗಿ ಕೇಳ್ಸುತ್ತೇನೋ? ಬೇಕಾದ್ರೆ ಮಷೀನ್ ನಿಲ್ಲಿಸ್ತೀನಿ” ಎಂದಿದ್ದಳು. ಅವಳ ಹೆಸರು ಬರೆಯಲು ನನಗೆ ನಾಚಿಕೆಯಾಯಿತು. ಲಾಂಡ್ರಿ ಎನ್ನುವುದಕ್ಕಿಂತ ಅಜ್ಞಾತ ಎನ್ನುವುದು ಗತ್ತಾಗಿ ಕಂಡಿತು.

ಹೋದ ತಿಂಗಳು ಗೆಳತಿಯೊಬ್ಬಳ ನಿವೃತ್ತಿಯ ದಿನ ಅತ್ತೆ ಆ ಹಾಡನ್ನೇ ಹಾಡಿದಳು. ಯಾರೋ ವಿಡಿಯೊ ಹಾಕಿದರು. ನನ್ನ ಹಕ್ಕು ಕಾಪಾಡಲು ನೀವು ಅವಳಿಗೆ ನೋಟಿಸ್ ಕಳಿಸಿದಿರಿ. ಸರ್ಕಾರಿ ಕೆಲಸ ನಿಧಾನ ಎಂದು ದೂರುವವರು ಇದನ್ನು ನೋಡಬೇಕು.

ಅತ್ತೆ ಫೋನ್ ಮಾಡಿದಳು.

“ನಿನ್ನ ಹಾಡು ನಾನು ಹಾಡ್ಬಿಟ್ಟೆ ಅಂತ ಕಾಗದ ಬಂದಿದೆ ಕಣೋ. ನಿನಗೇನೂ ತೊಂದ್ರೆ ಆಗಲ್ಲ ತಾನೇ?”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಇಲ್ಲ ಅತ್ತೆ” ಎಂದು ಫೋನಿಟ್ಟೆ. ಆಗಲೂ ನಿಜ ಹೇಳಲಿಲ್ಲ. ಈಗ ಲಾಂಡ್ರಿಯಲ್ಲಿ ಯಾರೂ ಹಾಡುವುದಿಲ್ಲವಂತೆ. ಒಂದು, ಎರಡು, ಮೂರು ಎಂದು ಎಣಿಸಿ ಮಡಚುತ್ತಾರಂತೆ.

ನೋಂದಣಿ ರದ್ದುಪಡಿಸಿ ಎಂದರೆ, ‘ಸಂಬಂಧಪಟ್ಟ ಮಹಿಳೆ ಖುದ್ದು ಹಾಜರಾಗಿ ರುಜುವಾತುಪಡಿಸತಕ್ಕದ್ದು’ ಎಂದು ಉತ್ತರಿಸಿದ್ದೀರಿ. ಕದ್ದವನು ಒಪ್ಪಿಕೊಂಡ ಮೇಲೂ ಕಳೆದುಕೊಂಡವಳೇ ನಿಮ್ಮ ಮೆಟ್ಟಿಲು ಹತ್ತಬೇಕೇ? ಅಂದಿನ ಧ್ವನಿಮುದ್ರಣ ಲಗತ್ತಿಸಿದ್ದೇನೆ. ನೋಂದಣಿ ರದ್ದು ಮಾಡಿ, ನೋಟಿಸ್ ಹಿಂಪಡೆದ ಕಾಗದವನ್ನು ಅವಳಿಗೆ ಕಳಿಸಿ. ತಪ್ಪು ಯಾರದೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಅತ್ತೆಗೆ ಸಣ್ಣ ಅಕ್ಷರ ಕಾಣದು. ಆದರೂ ಜೊತೆ ಕೆಲಸದವರೆಲ್ಲರ ಮುಂದೆ ಯಾರಿಂದಲಾದರೂ ಗಟ್ಟಿಯಾಗಿ ಓದಿಸುತ್ತಾಳೆ. ಕಾಗದ ತಲುಪುವ ದಿನ ಮಾತ್ರ ನನಗೆ ತಿಳಿಸಿ. ಅವರೆಲ್ಲರ ಮುಂದೆ ಅದನ್ನು ಓದಬೇಕಾದವನು ನಾನು.

ಇಂತಿ,
ಅತ್ತೆಗೆ ಇನ್ನೂ ಮುಖ ತೋರಿಸದ
ಸೋದರಳಿಯ